ಮೂಲಕ: ಠಾಣಾಧಿಕಾರಿಗಳು

ನಿವೃತ್ತಿಯಾದ ಮೇಲೆ ನಾನು ನಮ್ಮ ಕೋಟೆ ಪಟ್ಟಣದ ತಾಲ್ಲೂಕು ಕಚೇರಿ ಎದುರು ಬೆಂಚು ಹಾಕಿಕೊಂಡು ಅರ್ಜಿ ಬರೆಯಲು ಕುಳಿತೆ. ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದವನಿಗೆ ಮನೆಯಲ್ಲಿ ಸುಮ್ಮನೆ ಕೂರಲು ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಊರವರ ವಿಷಯವೆಲ್ಲ ನನಗೆ ಬೇಕು. ನಾನು ಬರೆಯುವುದು ಅರ್ಧ ಹಾಳೆ, ಕೇಳುವುದು ಅರ್ಧ ದಿನ ಎಂದು ಹೆಂಡತಿ ಹಂಗಿಸುತ್ತಾಳೆ.

ಒಂದು ದಿನ ಕಾಡಂಚಿನ ಆದಿವಾಸಿ ಹಾಡಿಯಿಂದ ಹೆಂಗಸೊಬ್ಬಳು ಗಂಡನನ್ನು ಕರೆದುಕೊಂಡು ಬಂದಳು. ಅವನ ಬಲಗೈಗೆ ಮೊಣಕೈವರೆಗೆ ಪಟ್ಟಿ ಬಿಗಿದಿತ್ತು. ಯಾರದೋ ತೋಟದ ಪಂಪ್‌ಸೆಟ್ ಕಳುವಾಗಿದೆಯೆಂದು ಪೊಲೀಸರು ಇವನನ್ನು ಠಾಣೆಗೆ ಕರೆದೊಯ್ದು, ಲಾಠಿಯಲ್ಲಿ ಹೊಡೆದು, ಸಂಜೆ ಮನೆಗೆ ಹೋಗು ಎಂದಿದ್ದರು. ಕೇಸೂ ಇಲ್ಲ, ಕಾಗದವೂ ಇಲ್ಲ. ಹೊಗೆಸೊಪ್ಪು ಮುರಿಯುವ ಕಾಲ, ಕೂಲಿಗೆ ಹೋಗೋಣವೆಂದರೆ ಕೈ ಏಳುತ್ತಿರಲಿಲ್ಲ. ಪರಿಹಾರದ ಮಾತೇ ಅವಳು ಎತ್ತಲಿಲ್ಲ.

‘ಯಾಕ್ ಹೊಡುದ್ರಿ ಅಂತ ಅವ್ರುನ್ನ ಯಾರಾರ ಒಬ್ರು ಕೇಳ್ಬೇಕು ಸಾ,’ ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು ಅಂತ ನಾವೆಲ್ಲ ಹೇಳಿಕೊಂಡೇ ಬಂದವರು. ಆದರೆ ಪೊಲೀಸರ ಮೇಲಿನ ದೂರು ಕೇಳಲು ಇಲಾಖೆಗೆ ಸೇರದವರೂ ಕೂರುವ ಸಮಿತಿಯೊಂದು ಮೈಸೂರಿನಲ್ಲಿದೆ ಎಂದು ಪೇಪರಿನಲ್ಲಿ ಓದಿದ್ದೆ. ಅವರು ಎಂಥ ಜನ? ಅವರ ಮುಂದೆ ಇನ್ಸ್‌ಪೆಕ್ಟರು ನಿಲ್ಲುತ್ತಾನೋ ಕೂರುತ್ತಾನೋ? ಕನಿಕರಕ್ಕಿಂತ ಮೊದಲು ನನಗೆ ಹುಟ್ಟಿದ್ದು ಈ ಕುತೂಹಲ. ನಾಚಿಕೆಯಾದರೂ ಒಪ್ಪಿಕೊಳ್ಳುತ್ತೇನೆ.

ಅರ್ಜಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಸಮಿತಿಯ ವಿಳಾಸದ ಕೆಳಗೆ, ಸರ್ವೀಸಿನುದ್ದಕ್ಕೂ ಬರೆದ ಕೈ ತಾನಾಗಿ ಬರೆಯಿತು: ‘ಮೂಲಕ: ಠಾಣಾಧಿಕಾರಿಗಳು.’ ರಜೆ ಚೀಟಿಯನ್ನೂ ಮೇಲಧಿಕಾರಿಯ ಮೂಲಕವೇ ಕಳಿಸಿದವನು ನಾನು. ಇದನ್ನು ಠಾಣೆಗೆ ಕೊಡವ್ವ, ಅಲ್ಲಿಂದ ಮುಂದಕ್ಕೆ ಹೋಗುತ್ತೆ ಎಂದೆ. ಅಲ್ಲಿಗೇ ಕೊಡಬೇಕಾ ಎಂದು ಅವಳು ಎರಡು ಸಲ ಕೇಳಿದಳು. ರೂಲ್ಸು ಕಣವ್ವ ಎಂದುಬಿಟ್ಟೆ.

ವಾರ ಬಿಟ್ಟು ಒಬ್ಬಳೇ ಬಂದಳು. ಠಾಣೆಯಲ್ಲಿ ಅರ್ಜಿ ಓದಿದವರು ಗಂಡ ಹೆಂಡತಿ ಇಬ್ಬರನ್ನೂ ಹೊತ್ತು ಮುಳುಗುವವರೆಗೆ ಕೂರಿಸಿ, ವಾಪಸ್ ತಗೊಳ್ಳಿ ಎಂದು ಹೆದರಿಸಿದ್ದರಂತೆ. ಅಂದಿನಿಂದ ಗಂಡ ಜೀಪಿನ ಸದ್ದು ಕೇಳಿದರೆ ಕಾಡಿನ ಕಡೆಗೆ ಎದ್ದು ಹೋಗುತ್ತಿದ್ದ. ಅವಳು ನನ್ನನ್ನು ಬಯ್ಯಲಿಲ್ಲ.

‘ನೀವೇಳಿದ್ರಿ ಅಂತ ಕೊಟ್ಟೆ,’ ಎಂದಳು ಅಷ್ಟೆ.

ಬೈದಿದ್ದರೆ ವಾಸಿಯಿತ್ತು. ಕುರಿಯನ್ನು ತೋಳದ ಕೈಗೆ ಒಪ್ಪಿಸಿ ರಸೀದಿ ಕೇಳಿದ ಮುಠ್ಠಾಳ ನಾನು. ಅಲ್ಲೇ ಇನ್ನೊಂದು ಅರ್ಜಿ ಬರೆದೆ. ಠಾಣೆಯಲ್ಲಿ ಕೂರಿಸಿಕೊಂಡಿದ್ದನ್ನೂ ನನ್ನ ತಪ್ಪನ್ನೂ ಸೇರಿಸಿದೆ. ಮರುದಿನ ಮೈಸೂರು ಬಸ್ಸು ಹತ್ತಿ ನಾನೇ ಕೈಯಾರೆ ಕೊಟ್ಟು ಬಂದೆ.

ಕೆಲವು ತಿಂಗಳಾದ ಮೇಲೆ ಸಮಿತಿಯವರು ಮೈಸೂರಿಗೆ ವಿಚಾರಣೆಗೆ ಕರೆದರು. ಗಂಡ ಬರುವುದಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಒಗೆದ ಅಂಗಿ ತೊಟ್ಟು ಹೆಂಡತಿಯ ಪಕ್ಕ ನಿಂತಿದ್ದ. ಸಮಿತಿಯ ಕೋಣೆಯಲ್ಲಿ ಮೇಜಿನ ಹಿಂದೆ ಖಾಕಿ ಇಲ್ಲದ ಮೂವರಿದ್ದರು. ದಂಪತಿಗೆ ಕುರ್ಚಿ ಹಾಕಿಸಿದರು. ನಾನು ಹಿಂದಿನ ಸಾಲಿನಲ್ಲಿ ಕತ್ತು ಉದ್ದ ಮಾಡಿ ಕುಳಿತೆ. ಮೇಜಿನ ಹಿಂದಿದ್ದ ಹೆಂಗಸು ಠಾಣೆಯ ಅಧಿಕಾರಿಯನ್ನು ಏರುದನಿಯಿಲ್ಲದೆ ಕೇಳಿದರು: ‘ಕೇಸೇ ಇರಲಿಲ್ಲ. ಮತ್ತೆ ಇವರನ್ನು ಯಾಕೆ ಹೊಡೆದಿರಿ?’

ಅಧಿಕಾರಿ ಎದ್ದು ನಿಂತ. ಫೈಲಿನ ಹಾಳೆ ತಿರುವಿದ. ಲಿಖಿತವಾಗಿ ಉತ್ತರ ಕೊಡುತ್ತೇನೆ ಎಂದ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಗಂಡ ಮಾತ್ರ ನೆಟ್ಟಗಾಗದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅಧಿಕಾರಿಯ ಮುಖವನ್ನೇ ನೋಡುತ್ತಿದ್ದ.

ಹೊರಗೆ ಬಂದು, ಇನ್ನೇನವ್ವ, ಕೇಳಿದರಲ್ಲ, ಉತ್ತರವೂ ಬರುತ್ತೆ ಎಂದೆ ಹೆಮ್ಮೆಯಿಂದ.

ಅವಳು ನನ್ನ ಕಡೆ ತಿರುಗಿದಳು.

‘ನಮ್ ಕೈಗೆ ಯಾರ್ ತಂದ್ಕೊಡ್ತಾರೆ ಸಾ? ಟೇಸನ್ನೋರಾ?’

ನಾನು ಗೋಡೆಗೆ ಹಾಳೆ ಒತ್ತಿ ಹಿಡಿದು ಇನ್ನೊಂದು ಅರ್ಜಿ ಬರೆದೆ: ಉತ್ತರದ ಪ್ರತಿಯನ್ನು ಅಂಚೆಯಲ್ಲಿ ನೇರವಾಗಿ ಹಾಡಿಗೇ ಕಳಿಸಬೇಕು. ಗಂಡ ಎಡಗೈ ಹೆಬ್ಬೆಟ್ಟು ಒತ್ತಿದ. ಒಳಗೆ ಹೋಗಿ ಕೊಟ್ಟು ಬಂದವಳು ಅವಳೇ.