ಮದರ್‌ಬೋರ್ಡು ಬದಲಿಸಿದ ಶನಿವಾರ

ಮಲ್ಲಿನಾಥನ ಮನೆ ಛತ್ರಪತಿ ಸಂಭಾಜಿನಗರದಲ್ಲಿ, ನೌಕರಿ ನಾಸಿಕದಲ್ಲಿ. ಬ್ಯಾಂಕಿನವರು ವರ್ಗ ಮಾಡಿದ ಮೇಲೆ ಭಾಲ್ಕಿ ಕಡೆಯ ಈ ಮನುಷ್ಯ ಅಲ್ಲೊಂದು ಬಾಡಿಗೆ ಖೋಲಿ ಹಿಡಿದು, ತಾನೇ ಬೇಯಿಸಿ, ತಾನೇ ತಿಂದು, ಮಾತಾಡಬೇಕೆನಿಸಿದಾಗ ಗೋಡೆಗೆ ಬೈದು ದಿನ ತಳ್ಳುತ್ತಿದ್ದ. ಮೊದಮೊದಲು ಪ್ರತಿ ಶನಿವಾರ ಬಸ್ಸು ಹತ್ತುತ್ತಿದ್ದ, ಆಮೇಲೆ ಬಿಟ್ಟ. ಹೋದರೆ ಮಗಳು ರೂಪಾ ಕ್ಲಾಸಿಗೆ ಹೊರಟಿರುತ್ತಾಳೆ, ಹೆಂಡತಿ ಅನುರಾಧಾ ಶಾಲೆಯ ಪೇಪರು ತಿದ್ದುತ್ತಿರುತ್ತಾಳೆ. ಮನೆ ಅವನಿಲ್ಲದೆಯೂ ಸುಸೂತ್ರವಾಗಿ ನಡೆದಿತ್ತು. ಅದೇ ಅವನ ಸಂಕಟ. ಬರ್ತೀರೇನು ಎಂದು ಅನುರಾಧಾ ಕೇಳಿದರೆ ಆಫೀಸಿನ ಕೆಲಸವೆಂದು ಸುಳ್ಳು ಹೇಳಿ, ಖೋಲಿಯಲ್ಲಿ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದ.

ಹೀಗಿರುವಾಗ ಅವಳ ಫೋನ್ ಬಂತು. “ಕಂಪ್ಯೂಟರ್ ಚಾಲೂನೇ ಆಗವಲ್ದುರಿ. ನೀವೇ ಬಂದು ನೋಡಬೇಕು.”

ಮನುಷ್ಯನ ಸಂಭ್ರಮ ನೋಡಬೇಕಿತ್ತು! ಬಿಡಿಭಾಗ ತಂದು ಅವನೇ ಜೋಡಿಸಿದ ಯಂತ್ರ ಅದು. ಫೋನಿನಲ್ಲೇ ನಾಡಿ ಹಿಡಿದು, ಮದರ್‌ಬೋರ್ಡು ಹೋಗಿದೆಯೆಂದು ತೀರ್ಮಾನಿಸಿ, ಅದೇ ಮಾದರಿಯದನ್ನು ನಾಸಿಕದ ಪೇಟೆಯಲ್ಲಿ ಹುಡುಕಿ ತಂದ. ಬಸ್ಸಿನಲ್ಲಿ ಅದರ ಡಬ್ಬಿಯನ್ನು ಎಳೆಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ದಾರಿಯ ನಡುವೆ ವೈಜಾಪುರದಲ್ಲಿ ಬಸ್ಸು ನಿಂತರೂ ಚಹಾಕ್ಕೆ ಇಳಿಯಲಿಲ್ಲ.

ಮನೆಯ ಬಾಗಿಲಲ್ಲೇ ರೂಪಾ ಸಿಕ್ಕಳು. “ಪಪ್ಪಾ, ಮೀ ಯೇತೇ” ಎಂದು, ಹೋಗಿಬರುವ ಮಾತನ್ನೂ ಮರಾಠಿಯಲ್ಲೇ ಹೇಳಿ ಸ್ಕೂಟಿ ಹತ್ತಿದಳು. ಕನ್ನಡ ಅವಳ ಕಿವಿಗಿತ್ತು, ನಾಲಿಗೆಗಿರಲಿಲ್ಲ.

ಕ್ಯಾಬಿನೆಟ್ ಬಿಚ್ಚಿದರೆ ಒಳಗೆಲ್ಲ ಬಿಳಿ ಪುಡಿ, ಫ್ಯಾನು ಗಟ್ಟಿಯಾಗಿ ಕೂತುಬಿಟ್ಟಿದೆ. ಬೆರಳಲ್ಲಿ ತೆಗೆದು ಮೂಸಿದ. ವಿಭೂತಿ! ಸೋಮವಾರದ ಲಿಂಗಪೂಜೆ ಮುಗಿದ ಮೇಲೆ ಕಂಪ್ಯೂಟರಿನ ಹಣೆಗೂ ಮೂರು ಗೆರೆ ಎಳೆಯುವ ಪದ್ಧತಿ ಅವನದೇ. ಅವನಿಲ್ಲದ ಸೋಮವಾರಗಳಲ್ಲೂ ಅನುರಾಧಾ ಅದನ್ನು ತಪ್ಪಿಸಿರಲಿಲ್ಲ. ಆದರೆ ಗೆರೆ ಎಳೆಯುವ ಬದಲು, ಗಾಳಿಯಾಡುವ ಜಾಲರಿಯ ಮೇಲೆಯೇ ಪುಡಿ ಉದುರಿಸುತ್ತ ಬಂದಿದ್ದಳು.

“ಮಷಿನ್ ಇಷ್ಟು ಭಕ್ತಿ ತಾಳಂಗಿಲ್ಲ ಅನೂ!” ಎಂದು ಕೂಗಿದ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದಷ್ಟೇ ಬಂತು.

ಹಳೆಯ ಬೋರ್ಡು ತೆಗೆದು, ಹೊಸದನ್ನು ಕೂರಿಸಿ, ಸ್ಕ್ರೂ ಬಿಗಿದು ಗುಂಡಿ ಒತ್ತಿದ. ಉಸಿರಿಲ್ಲ. ರ‍್ಯಾಮ್ ತೆಗೆದು ಒರೆಸಿ ಹಾಕಿದ. ಆಗಲೂ ಇಲ್ಲ. ಇದೊಂದೂ ತನ್ನ ಕೈಲಿ ಆಗದಿದ್ದರೆ ಇನ್ನು ಈ ಮನೆಯವರು ತನ್ನನ್ನು ಯಾತಕ್ಕೆ ಕರೆದಾರು? ಆ ದಿಗಿಲಿನಲ್ಲಿ ಬೋರ್ಡನ್ನು ಮತ್ತೆ ಬಿಚ್ಚತೊಡಗಿದಾಗ ಸ್ಕ್ರೂ ಕೆಳಗೆ ಬಿತ್ತು. ಅದನ್ನು ಹೆಕ್ಕಲು ಬಗ್ಗಿದಾಗ, ಪ್ರೊಸೆಸರಿಗೆ ಕರೆಂಟು ಕೊಡುವ ಸಣ್ಣ ವಯರು ಅನಾಥವಾಗಿ ಜೋತಾಡುತ್ತಿರುವುದು ಕಂಡಿತು. ದೊಡ್ಡ ವಯರು ಸಿಕ್ಕಿಸಿದ ಗಡಿಬಿಡಿಯಲ್ಲಿ ಅದನ್ನೇ ಮರೆತಿದ್ದ. ಸಿಕ್ಕಿಸಿ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು.

“ಚಾಲೂ ಆತು! ಅನೂ, ಚಾಲೂ ಆತು ನೋಡು!”

ಪರದೆಯ ಮೇಲೆ ರೂಪಾಳ ಹೆಸರು ಮೂಡಿ ಪಾಸ್‌ವರ್ಡ್ ಕೇಳಿತು. ಬೋರ್ಡು ಬದಲಾದರೆ ಹಾಗೆ ಕೇಳುತ್ತದೆಂದು ಅವನಿಗೆ ಗೊತ್ತು. “ಆಕಿಗಿ ಫೋನ್ ಹಚ್ಚು, ಪಾಸ್‌ವರ್ಡ್ ಕೇಳು” ಎಂದ.

ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅನುರಾಧಾ ಬಂದು ನಿಂತಳು. “ಆಕಿ ಲ್ಯಾಪ್‌ಟಾಪ್ ತಗೊಂಡು ತಿಂಗಳಾತ್ರಿ. ಇದು ಈಗ ಯಾರಿಗೂ ಬೇಕಾಗಿಲ್ಲ.”

ಮಲ್ಲಿನಾಥ ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿದ. ಇಷ್ಟು ದೂರ ಹೊತ್ತು ತಂದದ್ದು ಯಾರಿಗೂ ಬೇಡವಾದ ಕೆಲಸಕ್ಕೆ. “ಮತ್ತ ನನಗ ಯಾಕ ಕರದಿ?” ಎಂದು ಸಿಟ್ಟಿನಿಂದಲೇ ಕೇಳಿದ.

ಅವಳು ಪರದೆಯ ಕಡೆ ನೋಡಲಿಲ್ಲ.

“ಬರ್ರಿ ಬರ್ರಿ ಅಂತ ಎಷ್ಟು ಸಲ ಅಂದೆ, ಬರಲಿಲ್ಲ. ಮಷಿನ್ ಕೆಟ್ಟದ ಅಂದೆ, ಓಡಿ ಬಂದ್ರಿ.” ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು. “ಬರೋ ಶನಿವಾರ ಏನು ಕೆಡಸ್ಲಿ, ಹೇಳ್ರಿ?”