ಜೇನಿನ ಹೆಸರಿಗೆ ಜಗಳ ತೆಗೆದ ಮಂಗಳ

ತಮಿಳುನಾಡಿನ ಗಡಿಯೊಳಗಿನ ಹಾಸನೂರಿನ ಹೆದ್ದಾರಿ ಬದಿಯ ಕೆಂಪಯ್ಯನ ಹೋಟೆಲಿನಲ್ಲಿ ಮಂಗಳ ಪಾತ್ರೆ ತೊಳೆಯುತ್ತಿದ್ದಳು. ಕಾಡಂಚಿನ ಪೋಡಿನ, ಅಂದರೆ ಹಾಡಿಯ, ಸೋಲಿಗರವಳು. ಅಪ್ಪ ಮಾದೇವಸ್ವಾಮಿ ಆ ಪೋಡಿಗೇ ಪೂಜಾರಿ. ಅವಳು ಬಾಯಿ ಬಿಟ್ಟರೆ ಸಾಕು, ಗಿರಾಕಿಗಳು ನಗುತ್ತಿದ್ದರು. ತಮಿಳರ ಕಿವಿಗೆ ಅದು ಕನ್ನಡ, ಕನ್ನಡದವರ ಕಿವಿಗೆ ಮುರುಕು ಕನ್ನಡ. ಅದೂ ಒಂದು ನುಡಿ ಎನ್ನುವವರು ಯಾರೂ ಇರಲಿಲ್ಲ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಅವಳ ಅಜ್ಜಿ ಜಡೆಯಮ್ಮ ತೀರಿಕೊಂಡಳು. ಮಣ್ಣು ಮಾಡುವಾಗ ಹೆಂಗಸರು ಅಜ್ಜಿಯ ಪದವೊಂದನ್ನು ಎತ್ತಿಕೊಂಡರು. ಎರಡನೆಯ ಸಾಲಿಗೇ ಹಾಡು ನಿಂತಿತು; ಮುಂದಿನದು ಒಬ್ಬರಿಗೂ ಬರಲಿಲ್ಲ. ತಮಿಳು ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮಕ್ಕಳು ಮುಖಮುಖ ನೋಡಿಕೊಂಡು ಕಿಸಕ್ಕೆಂದವು. ಮಂಗಳಳಿಗೆ ಅವುಗಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಆ ಸಿಟ್ಟು ಆರುವ ಮೊದಲೇ ಕೆಂಪಯ್ಯನ ಮಗ ಹರ್ಷವರ್ಧನ ಕೊಯಮತ್ತೂರಿನಿಂದ ಸಿ.ಡಿ.ಯೊಂದನ್ನು ತಂದು ಹೋಟೆಲಿನ ಟೀವಿಯಲ್ಲಿ ಹಾಕಿದ. ಕಪ್ಪು ಮೈಯ ಹುಡುಗರು ಜಗಳಕ್ಕೆ ನಿಂತವರ ಹಾಗೆ ತಾಳದ ಮೇಲೆ ಮಾತು ಬಿಸಾಡುತ್ತಿದ್ದರು. ಇದಕ್ಕೆ ಹಿಪ್ ಹಾಪ್ ಅನ್ನುತ್ತಾರೆ, ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಅಮೆರಿಕಕ್ಕೆ ಹೊತ್ತೊಯ್ದ ಜೀತದಾಳುಗಳ ಮೊಮ್ಮಕ್ಕಳು ಇವರು, ಹಿರಿಯರ ಮಾತು ಅಳಿಯದಿರಲಿ ಅಂತ ಹಾಡುತ್ತಾರೆ ಎಂದು ಹರ್ಷ ವಿವರಿಸಿದ. ನಿನಗಿದೆಲ್ಲ ಏನು ತಿಳಿದೀತು ಎಂದು ನಕ್ಕ. ಮಂಗಳಳಿಗೆ ಅವರ ಸಿಟ್ಟು ಚೆನ್ನಾಗಿ ತಿಳಿದಿತ್ತು. ಅಂದಿನಿಂದ ಪೋಡಿನ ಮುದುಕಿಯರ ಬೆನ್ನುಬಿದ್ದು ಅಜ್ಜಿಯ ಕಾಲದ ಹಾಡಿನ ಮಾತುಗಳನ್ನು ಹೆಕ್ಕಿದಳು. ತೊಳೆಯುವ ಪಾತ್ರೆಯ ತಳ ಬಡಿಯುತ್ತ ಅವನ್ನು ಹಿಪ್ ಹಾಪಿನ ಓಟಕ್ಕೆ ಹೊಂದಿಸಿದಳು.

ಆಗಸ್ಟ್ ಹದಿನೈದಕ್ಕೆ ಶಾಲೆಯ ಮೈದಾನದಲ್ಲಿ ಕಾರ್ಯಕ್ರಮವಿತ್ತು. ಪೋಡಿನ ಹೆಂಗಸರು ಸೊಪ್ಪು ಕಟ್ಟಿಕೊಂಡು ಕುಣಿಯಬೇಕೆಂದು ಕೆಂಪಯ್ಯ ಏರ್ಪಾಡು ಮಾಡಿದ್ದ. ಮಂಗಳ ಸೀರೆಯುಟ್ಟು ಒಬ್ಬಳೇ ಮೈಕಿನ ಮುಂದೆ ಬಂದು ನಿಂತಳು.

“ಎಜ್ಜೇನು, ತುಡುವೆ, ಕಡ್ಡಿಜೇನು, ನಸರಿ,
ತುಪ್ಪ ತಿಂದು ಎಸ್ರು ಮರ್ತೋರು ಬಾಯ್ ಮುಚ್ಚೋದೇ ಸರಿ.”

ಮೊದಲು ಸಿಳ್ಳೆ ಬಿತ್ತು, ಆಮೇಲೆ ಬೈಗುಳ. ಯಾರೋ ಎಸೆದ ಹೆಂಟೆ ಹುಬ್ಬಿಗೆ ತಗುಲಿತು. ಕೆಂಪಯ್ಯ ಮೈಕು ಆರಿಸಲು ಹೇಳಿದ. ಅವಳು ಬರಿಗಂಟಲಿನಲ್ಲೇ ಕೊನೆಯ ಸಾಲಿನ ತನಕ ಹೇಳಿ ಇಳಿದಳು. ಮರುದಿನದಿಂದ ಹೋಟೆಲಿನ ಕೆಲಸ ಇಲ್ಲವಾಯಿತು.

ಅಂದು ಸಂಜೆ ಪೋಡಿಗೆ ಮರಳಿದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

“ದೇವ್ರ ಮುಂದೆ ಆಡೋ ಪದವ ಬೀದಿ ಜಗಳ ಮಾಡ್ಬುಟ್ಟೆ. ಇನ್ಮೇಲೆ ಅಬ್ಬದಲ್ಲಿ ನೀ ಬಾಯ್ ಬುಡಂಗಿಲ್ಲ.”

“ನಿಮ್ಮವ್ವನ್ನ ಮಣ್ಣು ಮಾಡ್ವಾಗ ನೀನೂ ಸುಮ್ಕೆ ನಿಂತಿದ್ಯಲ್ಲಪ್ಪ. ಮುಂದ್ಲ ಸಾಲು ಪೂಜಾರಿಗೂ ಬರ್ನಿಲ್ಲ.”

ಮಾದೇವಸ್ವಾಮಿ ಒಳಗಿದ್ದ ಅವಳ ಬಟ್ಟೆಗಂಟನ್ನು ಅಂಗಳಕ್ಕೆ ಎಸೆದು ಬಾಗಿಲು ಹಾಕಿಕೊಂಡ.

ಅವಳು ಪೋಡಿನ ಕೊನೆಯಲ್ಲಿದ್ದ ಅಜ್ಜಿಯ ಗುಡಿಸಲು ಸೇರಿ, ಪಕ್ಕದ ಊರು ತಿಗನಾರೆಯ ಹೊಲಗಳಿಗೆ ಕೂಲಿಗೆ ಹೋಗತೊಡಗಿದಳು. ದಾರಿಯಲ್ಲಿ ಕಂಡರೆ ಪೋಡಿನ ಮಕ್ಕಳು ಅಣಕಿಸಲೆಂದೇ ಆ ಸಾಲುಗಳನ್ನು ಕಿರುಚುತ್ತ ಹಿಂದೆ ಓಡಿ ಬರುತ್ತಿದ್ದವು. ಹೆಸರು ತಪ್ಪಿದರೆ ಮಂಗಳ ತಿರುಗಿ ನಿಂತು, ಬೈದು, ಸರಿಯಾಗಿ ಹೇಳಿಸಿಯೇ ಬಿಡುತ್ತಿದ್ದಳು. ಕಡ್ಡಿಜೇನು ಅಂದರೆ ಯಾವುದು ಎಂದು ಅವು ಮನೆಗಳಲ್ಲಿ ಕೇಳಿ, ಉತ್ತರ ಗೊತ್ತಿಲ್ಲದ ಅಪ್ಪಂದಿರಿಂದ ಪೆಟ್ಟು ತಿಂದವು. ಆ ಅಪ್ಪಂದಿರೆಲ್ಲ ಬಂದು ಅವಳ ಗುಡಿಸಲ ಮುಂದೆ ಕೂಗಾಡಿ ಹೋದರು.

ದೀಪಾವಳಿ ರಜೆಯ ಹೊತ್ತಿಗೆ ಅವಳು ಮರಗಳ ಹೆಸರಿನ ಮೇಲೆ ಇನ್ನೊಂದು ಪದ ಕಟ್ಟಿದಳು. ಅದು ಮೊದಲನೆಯದಕ್ಕಿಂತ ಖಾರವಾಗಿತ್ತು. ಮಕ್ಕಳು ಅದನ್ನೂ ಅಣಕಿಸಿದವು. ಮಾತು ಬಿಟ್ಟ ಅಪ್ಪ ಮತ್ತೆ ಅವಳೊಡನೆ ಮಾತಾಡಲಿಲ್ಲ.