ಕೆಮ್ಮಿನ ಡಬ್ಬಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದರೆ ಕೆಮ್ಮದವರಿಲ್ಲ. ಅದಕ್ಕೇ ಅಪ್ಪನ ದಲಾಲಿ ಅಂಗಡಿಯಲ್ಲಿ ಗುಳಿಗೆಗಳ ಡಬ್ಬಿಯೊಂದು ಇರುತ್ತದೆ. ಹಮಾಲರಿಂದ ಹಿಡಿದು ಲೆಕ್ಕ ಬರೆಯುವ ನನ್ನವರೆಗೆ, ಗಂಟಲು ಕೆರೆದವರೆಲ್ಲ ಅದಕ್ಕೆ ಕೈ ಹಾಕುವವರೇ. ಔಷಧಿ ಅಂಗಡಿಯವನು ಚೀಟಿ ಕೇಳದೆ ತುಂಬಿಸಿಕೊಡುತ್ತಾನೆ.

ಹೋದ ದೀಪಾವಳಿಯಿಂದ ನನಗೆ ಇನ್ನೊಂದು ಗುಳಿಗೆ ಶುರುವಾಗಿತ್ತು, ಮನಸ್ಸಿನ ಕಾಯಿಲೆಯದು, ಕಾರಣವಿಲ್ಲದೆ ಬರುವ ಗಾಬರಿಗೆ. ನನಗೆ ವರ ನೋಡುತ್ತಿದ್ದರು. ಆ ಗುಳಿಗೆ ಊರಲ್ಲೇ ಕೊಂಡರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆಂದು ಅಪ್ಪ ರಾಣೆಬೆನ್ನೂರಿಗೆ ರೈಲಿನಲ್ಲಿ ಹೋಗಿ ತರುತ್ತಿದ್ದರು. ಹೀಗಾಗಿ ನಾನು ಎರಡನ್ನೂ ನುಂಗುತ್ತಿದ್ದುದು ಯಾವ ಔಷಧಿ ಅಂಗಡಿಗೂ ತಿಳಿದಿರಲಿಲ್ಲ.

ಜನವರಿಯ ಎರಡನೇ ಸೋಮವಾರ, ಡಬ್ಬಿಯ ಗುಳಿಗೆ ಶುರುಮಾಡಿದ ಮೂರನೆಯ ದಿನ, ಎದೆಯಲ್ಲಿ ಏನೋ ತಪ್ಪಿದಂತಾಯಿತು. ಬರಬೇಕಾದ ಬಡಿತ ಬರಲಿಲ್ಲ. ಆಮೇಲೆ ಬಂದದ್ದು ಗುದ್ದಿದ ಹಾಗೆ ಬಂತು. ಕಣ್ಣು ಕತ್ತಲಿಟ್ಟು ಚೀಲಗಳ ಮೇಲೆ ಒರಗಿದೆ. ದಿನಚರಿಯಲ್ಲಿ ಬರೆದೆ: ಸೋಮವಾರ ಎರಡು ಸಲ, ಮಂಗಳವಾರ ಐದು.

ಹಳೆಯ ಗಾಬರಿಯೇ ಮರಳಿತೆಂದು ಅವ್ವ ನೆತ್ತಿಗೆ ಎಣ್ಣೆ ತಟ್ಟಿದಳು. ಹಾಗೇ ಇರಲಿ ಎಂದು ನಾನೂ ಬಯಸಿದೆ. ಆದರೆ ಹಳೆಯ ಗಾಬರಿಯಲ್ಲಿ ಸಾಯುತ್ತೇನೆಂಬ ಯೋಚನೆ ಮೊದಲು ಬರುತ್ತಿತ್ತು, ಎದೆ ಆಮೇಲೆ ಹೊಡೆದುಕೊಳ್ಳುತ್ತಿತ್ತು. ಈಗ ಎದೆಯೇ ಮೊದಲು.

ಬುಧವಾರ ಹಾವೇರಿಯ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಡಾಕ್ಟರಮ್ಮ ಕಾಗದದ ಮೇಲೆ ಪೆನ್ನಿನ ತುದಿ ಇಟ್ಟು ಸಣ್ಣ ಚೌಕಗಳನ್ನು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಅಪ್ಪ ಕೊಟ್ಟಿದ್ದ ಮನಸ್ಸಿನ ಡಾಕ್ಟರ ಚೀಟಿ ನೋಡಿ ಕೇಳಿದರು.

"ಮನಸ್ಸಿನ ಗುಳಿಗಿ ಜೋಡಿ ಬ್ಯಾರೆ ಏನರ ತಗೊಂಡೀಯೇನವಾ?"

ಕೆಮ್ಮಿಗೆ ಅಂದೆ. ಅಪ್ಪ ತಮ್ಮ ಕಿಸೆಯಿಂದ ಅದರ ಸ್ಟ್ರಿಪ್ ತೆಗೆದಿಟ್ಟರು, ಅವರಿಗೂ ಕೆಮ್ಮಿತ್ತು. ಎರಡೂ ಕೂಡಿದರೆ ಕೆಲವರಲ್ಲಿ ಹೃದಯದ ಲಯ ಕೆಡುತ್ತದೆ, ಕೆಮ್ಮಿನದನ್ನು ಇವತ್ತೇ ಬಿಡಬೇಕು, ಮನಸ್ಸಿನದನ್ನು ಮಾತ್ರ ನೀವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರ ಜೊತೆ ನಾನೇ ಮಾತಾಡುತ್ತೇನೆ ಎಂದರು ಡಾಕ್ಟರಮ್ಮ. ಎರಡು ದಿನ ಎದೆಗೆ ತಂತಿ ಅಂಟಿಸಿ ಅಲ್ಲೇ ಇರಿಸಿಕೊಂಡರು. ನಾನು ನೋಡದಿದ್ದರೆ ಪರದೆಯ ಗೆರೆ ನಿಂತೀತೆಂದು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮುಂದಿನ ಸೋಮವಾರ ಅಂಗಡಿಯಲ್ಲಿ ಮತ್ತೆ ಕೆಮ್ಮು ಬಂತು. ಹಿರಿಯ ಹಮಾಲ ಡಬ್ಬಿ ಮುಂದೆ ಹಿಡಿದ.

"ತಗೋ ತಂಗೆವ್ವ, ನಿಮ್ಮಪ್ಪನ ಪುಕ್ಕಟಿ ಪ್ರಸಾದ."

ಖರೀದಿಗೆ ಬಂದವರೂ ನಕ್ಕರು. ಅಪ್ಪ ನಗಲಿಲ್ಲ.

"ಅಕಿಗೆ ಕೊಡಬ್ಯಾಡಪಾ. ಅಕಿ ಮನಸ್ಸಿನ ಔಷಧ ತಗೋತಾಳ. ಎರಡೂ ಕೂಡಿದ್ರ ಎದಿ ನಿಂದ್ರತೈತಿ."

ಹಮಾಲ ಡಬ್ಬಿ ಮುಚ್ಚಿ ತನ್ನ ನೀರಿನ ಚೊಂಬು ಕೊಟ್ಟ. ಕುಡಿದು, ಮೇಜಿನ ಕೆಳಗೆ ನಾಡಿ ಹಿಡಿದು ಕುಳಿತೆ. ಮತ್ತೊಂದು ಇಸಿಜಿ ಗುರುವಾರಕ್ಕಿತ್ತು.